ಟಪಾಲಕ್ಕ ಕೇಳಿದ ಪ್ರಶ್ನೆ

ಟಪಾಲಕ್ಕನ ಕೋಣೆ ಇದ್ದದ್ದು ಖಗೋಳ ಸಂಶೋಧನಾ ಸಂಸ್ಥೆಯ ಮೆಟ್ಟಿಲ ಕೆಳಗೆ. ಕೋಣೆ ಅನ್ನುವುದಕ್ಕಿಂತ, ಮೆಟ್ಟಿಲು ಕಟ್ಟಿ ಮಿಕ್ಕ ಜಾಗಕ್ಕೊಂದು ಬಾಗಿಲು ಹಚ್ಚಿದ್ದರು ಅನ್ನಬೇಕು. ಬಾಗಿಲ ಕಡೆ ನೆಟ್ಟಗೆ ನಿಲ್ಲಬಹುದಿತ್ತು. ಕಪಾಟಿನ ಕಡೆ ಹೋದರೆ ಎಂಥ ಕುಳ್ಳರೂ ತಲೆ ತಗ್ಗಿಸಲೇಬೇಕು. ಇಪ್ಪತ್ತಾರು ವರ್ಷದ ಹಿಂದೆ ಟಪಾಲು ವಿಂಗಡಿಸಲು ಬಂದವಳು. ಕಾಗದದ ಕಾಲ ಮುಗಿದು ಎಲ್ಲವೂ ಕಂಪ್ಯೂಟರಿಗೆ ಹೋದಮೇಲೂ ಹೆಸರು ಮಾತ್ರ ಹೋಗಲಿಲ್ಲ. ಈಗ ಅವಳು ಸಂಸ್ಥೆಯ ಮುಖ್ಯಸ್ಥರ ಪತ್ರ ಟೈಪ್ ಮಾಡುತ್ತಿದ್ದಳು, ದೂರದರ್ಶಕದ ಸಮಯ ಬೇಡುವ ಅರ್ಜಿ ತುಂಬುತ್ತಿದ್ದಳು, ಅಲ್ಲಿಂದ ಬಂದ ಆಕಾಶದ ಚಿತ್ರಗಳನ್ನು ಯಾರ ಕಡತಕ್ಕೆ ಸೇರಬೇಕೋ ಅವರ ಕಡತಕ್ಕೆ ಸೇರಿಸುತ್ತಿದ್ದಳು.

ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಅನ್ನುತ್ತಿದ್ದರು. ನಲವತ್ತು ವರ್ಷದ ಹಿಂದೆ ಅವರು ಒಂದು ಮಾತು ಹೇಳಿದ್ದರು: ಹಾಲೋ ಇಲ್ಲದೆ ಗ್ಯಾಲಕ್ಸಿ ಇಲ್ಲ. ಆ ಒಂದು ಮಾತಿನ ಮೇಲೆ ಅವರ ಕುರ್ಚಿ, ಅವರ ಮೇಜು, ಅವರ ಕೋಣೆಯ ಮೂರು ಕಿಟಕಿ ಎಲ್ಲ ನಿಂತಿದ್ದವು. ಈಚೆಗೆ ಮಾತ್ರ ಆ ಮಾತನ್ನು ಯಾರೂ ಅಲ್ಲಗಳೆಯುತ್ತಲೂ ಇರಲಿಲ್ಲ, ನೆನೆಯುತ್ತಲೂ ಇರಲಿಲ್ಲ. ಮನೆಗೆ ಬಂದ ಅಳಿಯ ಹಳಬನಾದ ಹಾಗೆ, ಮರ್ಯಾದೆ ಇತ್ತು, ಗಮನ ಇರಲಿಲ್ಲ.

ಟಪಾಲಕ್ಕ 'ಹಾಲೋ' ಅನ್ನುವ ಪದವನ್ನು ಏನಿಲ್ಲವೆಂದರೂ ಹತ್ತು ಸಾವಿರ ಸಲ ಟೈಪ್ ಮಾಡಿದ್ದಳು. ಅದೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಹೇಳಿದವಳು ಸೂಜಿ. ಸಣ್ಣಗೆ, ಉದ್ದಕ್ಕೆ ಇದ್ದಳು, ಮಾತು ಚುಚ್ಚುವಂತಿತ್ತು. ಸಂಶೋಧನೆಗೆಂದು ಬಂದ ವಾರದೊಳಗೆ ಮೇಲಿನ ಮಹಡಿಯವರು ಆ ಹೆಸರಿಟ್ಟರು. ಒಂದು ಮಧ್ಯಾಹ್ನ ಸ್ಟೇಪ್ಲರ್ ಕೇಳಲು ಬಂದವಳು ಊಟದ ಡಬ್ಬಿ ಹಿಡಿದುಕೊಂಡೇ ನಿಂತಳು.

"ಅಕ್ಕಾ, ಇಲ್ಲೇ ಕೂತು ಊಟ ಮಾಡ್ಲಾ? ಮೇಲೆ ಕ್ಯಾಂಟೀನಿನಲ್ಲಿ ಅನ್ನಕ್ಕಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ತಿಂತಾರೆ."

"ಕೂತ್ಕೊ. ತಲೆ ಮಾತ್ರ ಜೋಪಾನ."

ಅಂದಿನಿಂದ ದಿನಾ ಬಂದಳು. ಒಂದು ದಿನ ಪರದೆಯ ಮೇಲಿದ್ದ ಪತ್ರ ನೋಡಿ ಕೇಳಿದಳು. "ದಿನಾ ಹಾಲೋ ಹಾಲೋ ಅಂತ ಟೈಪ್ ಮಾಡ್ತೀರಲ್ಲ, ಏನದು ಗೊತ್ತಾ?"

"ಫೋನ್ ಎತ್ತಿದ್ರೆ ಅನ್ನೋದು. ಇವರು ಓದಿದವರು ನೋಡು, ಸ್ವಲ್ಪ ಎಳೆದು ಅಂತಾರೆ."

ಸೂಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಅವಳು ನಕ್ಕದ್ದು ಮಾತಿಗೆ, ಟಪಾಲಕ್ಕನ ತಿಳಿಯದಿರುವಿಕೆಗಲ್ಲ. ಆ ವ್ಯತ್ಯಾಸ ಟಪಾಲಕ್ಕನಿಗೆ ಕೂಡಲೇ ಗೊತ್ತಾಯಿತು. ಇಪ್ಪತ್ತಾರು ವರ್ಷ ಓದಿದವರ ನಡುವೆ ಇದ್ದವಳಿಗೆ ನಗುವಿನ ಜಾತಿ ಚೆನ್ನಾಗಿ ತಿಳಿದಿತ್ತು.

ಸೂಜಿ ಎದ್ದು ಕುರ್ಚಿಯ ಮೆತ್ತೆಯನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಟಪಾಲಕ್ಕನ ಪಿನ್ನಿನ ಡಬ್ಬಿಯಿಂದ ಗುಂಡುಪಿನ್ನುಗಳನ್ನು ಸುರಿದಳು. ಪಿನ್ನುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದವು. ಆಮೇಲೆ ನಡುವೆ ಮುಷ್ಟಿ ಇಟ್ಟು ಒತ್ತಿದಳು. ಸುತ್ತಲಿದ್ದವೆಲ್ಲ ತಗ್ಗಿನ ಕಡೆ ಜಾರಿ ಬಂದವು.

"ಪಿನ್ನು ಅಂದ್ರೆ ನಕ್ಷತ್ರ, ಕಾಣುತ್ತೆ. ತಗ್ಗು ಮಾಡಿದ್ದು ನನ್ನ ಮುಷ್ಟಿ. ಅದು ಕಾಣಲ್ಲ ಅಂತ ಇಟ್ಕೊಳ್ಳಿ. ಬೆಳಕು ಬಿಡಲ್ಲ, ಬೆಳಕು ತಡೆಯಲ್ಲ, ತೂಕ ಮಾತ್ರ ಇದೆ. ಅದೇ ಡಾರ್ಕ್ ಮ್ಯಾಟರ್. ಅದು ಗುಂಪು ಕಟ್ಟಿಕೊಂಡು ಕೂತಿರೋ ಜಾಗವೇ ಹಾಲೋ."

"ಯಾರು ಗುಂಪು ಕಟ್ಟಿದ್ದು?"

"ಯಾರೂ ಅಲ್ಲ. ಮೊದಮೊದಲು ಎಲ್ಲ ಕಡೆ ಒಂದೇ ಸಮ ಹರಡಿತ್ತು. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಜಾಸ್ತಿ. ಜಾಸ್ತಿ ಇದ್ದ ಕಡೆ ಎಳೆತ ಜಾಸ್ತಿ, ಎಳೆತ ಜಾಸ್ತಿ ಇದ್ದ ಕಡೆ ಇನ್ನಷ್ಟು ಬಂದು ಬೀಳುತ್ತೆ."

"ಇದ್ದೋರ ಮನೆಗೇ ನೆಂಟರು ಬರೋದು."

"ಅದೇ ಅಕ್ಕಾ! ಮೊದಲು ಚಿಕ್ಕ ಚಿಕ್ಕ ಮುದ್ದೆ. ಅವು ಒಂದನ್ನೊಂದು ನುಂಗಿ ದೊಡ್ಡದಾಗ್ತವೆ. ಗಾಳಿಯಂಥ ಅನಿಲ ಇರುತ್ತಲ್ಲ, ಅದೂ ಬಂದು ಬೀಳುತ್ತೆ. ಅನಿಲಕ್ಕೆ ಒಂದು ಗುಣ, ಕಾವು ಹೊರಗೆ ಬಿಟ್ಟು ತಣ್ಣಗಾಗುತ್ತೆ, ತಣ್ಣಗಾದ್ರೆ ನಡುವಿಗೆ ಇಳಿಯುತ್ತೆ, ತಿರುಗ್ತಾ ತಟ್ಟೆ ಆಗುತ್ತೆ, ಅದರಲ್ಲಿ ನಕ್ಷತ್ರ ಹುಟ್ತವೆ. ಡಾರ್ಕ್ ಮ್ಯಾಟರ್‌ಗೆ ಆ ಭಾಗ್ಯ ಇಲ್ಲ. ಕಾವು ಬಿಡೋಕೆ ಬರಲ್ಲ. ಅದಕ್ಕೇ ಅದು ತಟ್ಟೆ ಆಗದೆ, ಸುತ್ತಲೂ ದೊಡ್ಡ ಉಂಡೆಯಾಗಿ ಹಾಗೇ ಉಳಿಯುತ್ತೆ. ನಾವು ನೋಡೋ ಗ್ಯಾಲಕ್ಸಿ ಆ ಉಂಡೆಯ ಹೊಟ್ಟೆಯಲ್ಲಿರೋ ಒಂದು ಬೀಜ."

"ಹಾಲೋ ಚಿಕ್ಕದಾದ್ರೆ?"

ಸೂಜಿ ಅವಳನ್ನು ದಿಟ್ಟಿಸಿ ನೋಡಿದಳು. "ಒಳ್ಳೇ ಪ್ರಶ್ನೆ. ಚಿಕ್ಕದಾದ್ರೆ ಎಳೆತ ಸಾಲದು. ದೊಡ್ಡ ನಕ್ಷತ್ರ ಸಿಡಿದಾಗ ಅನಿಲವೆಲ್ಲ ಹೊರಗೆ ಹಾರಿಹೋಗುತ್ತೆ. ಗ್ಯಾಲಕ್ಸಿ ಬಡಕಲಾಗೇ ಉಳಿಯುತ್ತೆ. ತೀರಾ ದೊಡ್ಡದಾದ್ರೆ ಬಿದ್ದ ಅನಿಲ ಎಷ್ಟು ಕಾಯುತ್ತೆ ಅಂದ್ರೆ ತಣ್ಣಗಾಗೋದೇ ಕಷ್ಟ. ಯಾವ ಗ್ಯಾಲಕ್ಸಿ ಎಷ್ಟು ಬೆಳೀಬೇಕು ಅಂತ ಹಣೆಬರಹ ಬರೆಯೋದೇ ಹಾಲೋ."

ಆ ಸಂಜೆ ಟಪಾಲಕ್ಕ ಮನೆಗೆ ಹೋಗಿ, ಕನ್ನಡಕದ ಅಂಗಡಿಯಿಂದ ಬಂದ ಗಂಡನಿಗೆ ದಿಂಬಿನ ಮೇಲೆ ಮುಷ್ಟಿ ಒತ್ತಿ ಎಲ್ಲವನ್ನೂ ಹೇಳಿದಳು. ಗಂಡ ಕನ್ನಡಕ ತೆಗೆದು ಅವಳನ್ನೇ ನೋಡಿದ. "ಇಷ್ಟು ವರ್ಷ ಆದಮೇಲೆ ನಿನ್ನ ಮುಖದಲ್ಲಿ ಬೆಳಕು ನೋಡ್ತಾ ಇದ್ದೀನಿ ಕಣೇ," ಅಂದ. ತಮಾಷೆಗೆ ಅಂದದ್ದಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಟಪಾಲಕ್ಕನಿಗೆ ಮಧ್ಯಾಹ್ನದ ಒಂದು ಗಂಟೆ ಎಂದರೆ ಜೀವ.

ಆಮೇಲೆ ಸೂಜಿಗೆ 'ಬರಿಮೈ' ಸಿಕ್ಕಿತು. ಅದೊಂದು ಮಂಕು ಗ್ಯಾಲಕ್ಸಿ. ಅದರ ಸುತ್ತ ತಿರುಗುವ ಹತ್ತು ನಕ್ಷತ್ರಗೊಂಚಲುಗಳ ವೇಗವನ್ನು ಸೂಜಿ ಅಳೆದಿದ್ದಳು. ಹಾಲೋ ಇದ್ದಿದ್ದರೆ ಅವು ಎದ್ದುಬಿದ್ದು ಓಡಬೇಕಿತ್ತು. ಇವು ಊಟ ಮುಗಿಸಿ ಅಡ್ಡಾಡುವವರ ಹಾಗೆ ಚಲಿಸುತ್ತಿದ್ದವು. ವೇಗದಿಂದ ಲೆಕ್ಕ ಹಾಕಿದ ತೂಕವೂ ನಕ್ಷತ್ರಗಳ ತೂಕವೂ ಒಂದೇ ಬಂತು. ಕಾಣದ ತೂಕಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಹಾಲೋದ ಹೊದಿಕೆ ಇಲ್ಲದ ಗ್ಯಾಲಕ್ಸಿ, ಅದಕ್ಕೇ ಬರಿಮೈ. ದೊಡ್ಡವರ ನಲವತ್ತು ವರ್ಷದ ಮಾತಿಗೆ ನೇರ ಎದುರು.

ಆದರೂ ದೊಡ್ಡವರು ಮುನಿಯಲಿಲ್ಲ. ಮೇಲಿನ ಸಭಾಂಗಣದಲ್ಲಿ ಎಲ್ಲರಿಗೂ ಚಹಾ ಇಟ್ಟರು. ಟಪಾಲಕ್ಕನನ್ನೂ ಕರೆದರು, ಕಪ್ಪು ಎಣಿಸಲು ಯಾರಾದರೂ ಬೇಕಲ್ಲ. ಸೂಜಿ ಗೋಡೆಯ ಮೇಲೆ ಚಿತ್ರ ತೋರಿಸಿ ಮಾತಾಡಿದಳು. ಟಪಾಲಕ್ಕನಿಗೆ ಪ್ರತಿ ವಾಕ್ಯವೂ ತಿಳಿಯಿತು. ತನ್ನ ಮೆತ್ತೆಯ ಮೇಲೆ, ತನ್ನ ಪಿನ್ನುಗಳಲ್ಲಿ ಕಲಿತದ್ದು ಇಲ್ಲಿ ಗೋಡೆಯಷ್ಟು ದೊಡ್ಡದಾಗಿ ನಿಂತಿದೆ! ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದಾಗ ಕೈ ತಾನಾಗಿ ಮೇಲೆ ಹೋಯಿತು.

"ಅದು ಎಷ್ಟು ದೂರ ಇದೆ ಅಂತ ಖಾತ್ರಿ ಹೇಗೆ?" ಅಂದಳು. ಕನ್ನಡಕದ ಅಂಗಡಿಯವನ ಹೆಂಡತಿ. ದೂರ, ಹತ್ತಿರ ಅವಳಿಗೆ ದಿನದ ಮಾತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೂಜಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಆಮೇಲೆ ನಕ್ಕಳು.

"ಆಯ್ತು, ಇನ್ನು ನಮ್ಮ ಪ್ರಬಂಧಾನ ಪರೀಕ್ಷೆಗೆ ಹೊರಗೆ ಕಳಿಸೋದೇ ಬೇಡ. ಮೆಟ್ಟಿಲ ಕೆಳಗೆ ಕಳಿಸಿದ್ರೆ ಸಾಕು. ಲಕೋಟೆಗೆ ಅಂಟೂ ಅವರೇ ಹಚ್ತಾರೆ, ತೀರ್ಪೂ ಅವರೇ ಕೊಡ್ತಾರೆ!"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಟಪಾಲಕ್ಕನೂ ನಕ್ಕಳು, ನಗದಿದ್ದರೆ ಇನ್ನೂ ನಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಊಟದ ಡಬ್ಬಿಯ ಮುಂದೆ ಒಂದು ದಿನವೂ ಹಾಗೆ ನಗದ ಸೂಜಿ ಜನರ ಮುಂದೆ ನಕ್ಕಳಲ್ಲ ಎನ್ನುವುದೇ ಚುಚ್ಚಿತು. ಅಲ್ಲಿ ನಗದೆ ಉಳಿದವರು ಒಬ್ಬರೇ. ದೊಡ್ಡವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದವರು ಹಾಗೇ ಇದ್ದರು. ಅದು ಕರಗಿ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. ಅವರು ಟಪಾಲಕ್ಕನನ್ನೇ ನೋಡುತ್ತಿದ್ದರು.

ಮರುದಿನ ಸೂಜಿ ಏನೂ ಆಗದವಳ ಹಾಗೆ ಡಬ್ಬಿ ತಂದಳು. "ನಿನ್ನೆ ನಿಮ್ಮ ಪ್ರಶ್ನೆಗೆ ಉತ್ತರ ಹೇಳಲೇ ಇಲ್ಲ ನೋಡಿ," ಎಂದು ತಾನೇ ತೆಗೆದಳು. "ದೂರ ಆರು ಕೋಟಿ ಜ್ಯೋತಿರ್ವರ್ಷ. ಪಕ್ಕದಲ್ಲಿ ಒಂದು ಗ್ಯಾಲಕ್ಸಿಗಳ ಗುಂಪಿದೆ, ಅದರ ದೂರವನ್ನೇ ಇದಕ್ಕೂ ಇಟ್ಕೊಂಡಿದ್ದೀನಿ. ಎಲ್ಲರೂ ಹಾಗೇ ಮಾಡ್ತಾರೆ."

"ಪಕ್ಕದಲ್ಲಿ ಕಾಣೋದೆಲ್ಲ ಪಕ್ಕದಲ್ಲೇ ಇರುತ್ತಾ?"

"ಇರುತ್ತೆ ಬಿಡಿ. ಅಕಸ್ಮಾತ್ ಅದು ಅರ್ಧ ದೂರದಲ್ಲಿದ್ರೆ ಮಾತ್ರ ನನ್ನ ಕಥೆ ಮುಗೀತು. ಹತ್ತಿರದ ದೀಪ ಚಿಕ್ಕದಾದ್ರೂ ಪ್ರಕಾಶವಾಗಿ ಕಾಣುತ್ತಲ್ವಾ? ಅರ್ಧ ದೂರ ಅಂದ್ರೆ ನಿಜವಾಗಿ ಇರೋ ನಕ್ಷತ್ರಗಳ ತೂಕ ಕಾಲು ಭಾಗ. ಆದ್ರೆ ವೇಗದಿಂದ ಲೆಕ್ಕ ಹಾಕಿದ ತೂಕ ಅರ್ಧಕ್ಕೆ ಇಳಿಯುತ್ತೆ, ಅಷ್ಟೆ. ಕಾಲಿಗೂ ಅರ್ಧಕ್ಕೂ ನಡುವೆ ಇರೋದು ಯಾರ ತೂಕ?"

"ಹಾಲೋದ್ದು."

"ನೋಡಿ, ನೀವು ಪಾಸಾದ್ರಿ!" ಎಂದು ಸೂಜಿ ಅವಳ ಕೆನ್ನೆ ಚಿವುಟಿದಳು, ಮಕ್ಕಳದನ್ನು ಚಿವುಟಿದಂತೆ. ಕ್ಷಮಿಸಿ ಎನ್ನುವ ಮಾತು ಬರಲಿಲ್ಲ. ಬರುತ್ತದೇನೋ ಎಂದು ಟಪಾಲಕ್ಕ ಡಬ್ಬಿ ತೊಳೆಯುವವರೆಗೂ ಕಾದಳು.

ಅದೇ ದಿನ ಮಧ್ಯಾಹ್ನ ದೊಡ್ಡವರು ಕರೆದರು. ತಮ್ಮ ಸ್ವಂತ ಪಾಲಿನ ಸಮಯದಲ್ಲಿ, ತಮ್ಮೊಬ್ಬರ ಹೆಸರಿನಲ್ಲಿ, ತುರ್ತಾಗಿ ಒಂದು ಅರ್ಜಿ ಹಾಕಲು ಹೇಳಿದರು. ಯಾವುದನ್ನು ನೋಡಲು? ಬರಿಮೈಯನ್ನು. ಯಾತಕ್ಕೆ? ಟಪಾಲಕ್ಕ ಟೈಪ್ ಮಾಡಿದಳು: ದೂರವನ್ನು ಅಳೆಯಲು.

"ಇದು ನಮ್ಮಿಬ್ಬರ ನಡುವೆ ಇರಲಿ ಅಮ್ಮಾ," ಅಂದರು. "ಮಗು ಈಗ ಉತ್ಸಾಹದಲ್ಲಿದೆ. ಸುಮ್ಮನೆ ಯಾಕೆ ಕೆಡಿಸೋದು?"

ಆರು ವಾರಕ್ಕೆ ಚಿತ್ರ ಬಂತು. ದೊಡ್ಡವರು ನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂತರು. ಐದನೆಯ ದಿನ ಒಂದೇ ಪುಟದ ಟಿಪ್ಪಣಿ ಕೈಗಿತ್ತು, ತಮ್ಮ ಕಪಾಟಿನಲ್ಲಿ ಇಡಲು ಹೇಳಿದರು. ಕಪಾಟಿನ ಬಾಗಿಲು ತೆಗೆಯುತ್ತಾ ಟಪಾಲಕ್ಕ ಕೊನೆಯ ಸಾಲನ್ನು ಓದಿದಳು. ಮೂರು ಕೋಟಿ ಜ್ಯೋತಿರ್ವರ್ಷ.

ಅರ್ಧ. ಬರಿಮೈಗೆ ಹೊದಿಕೆ ಇತ್ತು. ಎಲ್ಲ ಗ್ಯಾಲಕ್ಸಿಗಳಿಗೂ ಇರುವಂಥ ಮಾಮೂಲಿ ಹಾಲೋ.

ತಿರುಗಿದರೆ ದೊಡ್ಡವರು ನೋಡುತ್ತಿದ್ದರು. ಆಕೆಗೆ ಅರ್ಥವಾಯಿತೆಂದು ಅವರಿಗೂ ಅರ್ಥವಾಗಿತ್ತು. ಕಪಾಟಿಗೆ ಬೀಗ ಬಿತ್ತು.

ಈಗ ಅವರು ಸೂಜಿಯನ್ನು ಕರೆದು ಹೇಳುತ್ತಾರೆ, ಕೆಲಸ ನಿಲ್ಲುತ್ತದೆ ಎಂದುಕೊಂಡಳು. ಅವರು ಕರೆದದ್ದು ನಿಜ. ಸೂಜಿ ಕಣ್ಣು ತುಂಬಿಕೊಂಡು ಮೆಟ್ಟಿಲಿಳಿದು ಬಂದು ಅವಳನ್ನು ತಬ್ಬಿಕೊಂಡಳು.

"ಅಕ್ಕಾ, ಪ್ರಬಂಧದಿಂದ ಸರ್ ತಮ್ಮ ಹೆಸರನ್ನೇ ತೆಗೆದುಬಿಟ್ರು! 'ಇದು ನಿನ್ನ ಕೆಲಸ, ನಿನ್ನ ಹೆಸರೊಂದೇ ಇರಲಿ' ಅಂದ್ರು. ತಮ್ಮ ಮಾತಿಗೇ ವಿರುದ್ಧ ಇರೋ ಕೆಲಸಕ್ಕೆ! ಇಂಥ ಗುರು ಎಲ್ಲಿ ಸಿಗ್ತಾರೆ ಹೇಳಿ?"

ಟಪಾಲಕ್ಕನ ಕೈ ಸೂಜಿಯ ಬೆನ್ನ ಮೇಲಿತ್ತು. ಬೆನ್ನುಮೂಳೆ ಒಂದೊಂದೂ ಬೆರಳಿಗೆ ಸಿಗುತ್ತಿತ್ತು. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಏನೆಂದು ಹೇಳುವುದು? ಅಂಟು ಹಚ್ಚುವವಳು ತೀರ್ಪು ಕೊಡುವುದೇ? ಆ ನಗು ಇನ್ನೂ ಕಿವಿಯಲ್ಲಿತ್ತು. ಬೆನ್ನು ತಟ್ಟಿ, "ಒಳ್ಳೇದಾಗ್ಲಿ," ಅಂದಳು.

ಅಷ್ಟಕ್ಕೇ ನಿಂತಿದ್ದರೆ ಅವಳು ಸುಮ್ಮನಿದ್ದಳು ಅನ್ನಬಹುದಿತ್ತು. ಪ್ರಬಂಧ ಕಳಿಸುವ ಹಿಂದಿನ ದಿನ ಸೂಜಿ ಬಂದಳು, ಉಗುರು ಕಚ್ಚುತ್ತಾ. "ಅಕ್ಕಾ, ನಿಮ್ಮ ಆ ದೂರದ ಪ್ರಶ್ನೆ ಯಾಕೋ ತಲೆ ತಿಂತಿದೆ. ಹಳೇ ಅರ್ಜಿ, ಚಿತ್ರ ಎಲ್ಲ ನಿಮ್ಮ ಕೈಯಲ್ಲೇ ಅಲ್ವಾ ಬರೋದು. ಬರಿಮೈಯ ದೂರ ಅಳೆಯೋಕೆ ಯಾರಾದ್ರೂ ಚಿತ್ರ ತೆಗೆಸಿದ್ದಾರಾ, ಸ್ವಲ್ಪ ನೋಡ್ತೀರಾ?"

ಟಪಾಲಕ್ಕ ಪರದೆಯ ಕಡೆ ತಿರುಗಿದಳು. ಪಟ್ಟಿ ತೆರೆದಳು, ಕೆಳಗಿನವರೆಗೂ ಎಳೆದಳು. ದೊಡ್ಡವರ ಹೆಸರಿನ ಎದುರು, ಗ್ಯಾಲಕ್ಸಿಗಳ ಪಟ್ಟಿಯಲ್ಲಿ ಬರಿಮೈಗಿದ್ದ ಸಂಖ್ಯೆ ಕಣ್ಣಿಗೆ ಹೊಡೆಯುವಂತಿತ್ತು. ಸೂಜಿ ಮೇಜಿನ ಆಚೆ, ಕಪಾಟಿನ ಕಡೆ ಕೂತಿದ್ದಳು, ಅವಳಿಗೆ ಪರದೆಯ ಬೆನ್ನು ಮಾತ್ರ ಕಾಣುತ್ತಿತ್ತು.

"ಇಲ್ಲ ಕಣಮ್ಮಾ. ನೋಡಿದೆ. ಯಾರೂ ತೆಗೆಸಿಲ್ಲ."

"ಸರಿ, ಹಾಗಾದ್ರೆ ಕಳಿಸಿಬಿಡ್ತೀನಿ."

ಹೋಗಲು ಎದ್ದ ಸೂಜಿ ತಲೆ ತಗ್ಗಿಸಲು ಮರೆತು ಮೆಟ್ಟಿಲಿಗೆ ಹಣೆ ಬಡಿಸಿಕೊಂಡಳು. "ಅಯ್ಯೋ" ಎಂದು ಟಪಾಲಕ್ಕ ಎದ್ದು ನೀರು ಹಚ್ಚಿದಳು. ಪ್ರೀತಿಯಿಂದಲೇ ಹಚ್ಚಿದಳು. ಅದೇ ವಿಚಿತ್ರ.

ಪ್ರಬಂಧ ಹೊರಬಿದ್ದಾಗ ಸೂಜಿಯ ಹೆಸರು ಹತ್ತೂರಿಗೆ ಹರಡಿತು. ಪತ್ರಿಕೆಯವರು ಬಂದರು, ಅವಳನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಫೋಟೋ ತೆಗೆದರು. ಹಾಲೋ ಇಲ್ಲದೆಯೂ ಗ್ಯಾಲಕ್ಸಿ ಹುಟ್ಟಬಹುದಾದರೆ ಹಳೆಯ ಪಾಠವೆಲ್ಲ ಹೊಸದಾಗಿ ಬರೆಯಬೇಕು ಎಂದು ಕೆಲವರು, ಸಾಧ್ಯವೇ ಇಲ್ಲ ಎಂದು ಕೆಲವರು. ಈ ಜಗಳದಲ್ಲಿ ಎಲ್ಲರ ಬಾಯಲ್ಲೂ ದೊಡ್ಡವರ ಮಾತು ಮತ್ತೆ ಬಂತು. ಮೂಲೆ ಸೇರಿದ್ದ ಅಳಿಯನಿಗೆ ಮತ್ತೆ ಮೊದಲ ಪಂಕ್ತಿ ಸಿಕ್ಕಿತು. ಅವರು ಯಾರು ಕೇಳಿದರೂ ಒಂದೇ ಉತ್ತರ ಕೊಡುತ್ತಿದ್ದರು: "ಕಾದು ನೋಡೋಣ."

ಅವರು ಕಾಯುತ್ತಿದ್ದದ್ದು ಒಂದು ವರ್ಷ. ತೆಗೆಸಿದ ಚಿತ್ರಗಳು ಒಂದು ವರ್ಷ ತೆಗೆಸಿದವರ ಸ್ವತ್ತು. ಆಮೇಲೆ ಎಲ್ಲರಿಗೂ ತೆರೆದಿಡಬೇಕು ಎನ್ನುವುದು ನಿಯಮ. ತೆರೆದ ಮೂರನೆಯ ವಾರ ದೂರದ ಇನ್ನೊಂದು ತಂಡ ಅವುಗಳನ್ನು ಇಳಿಸಿಕೊಂಡಿತು. ವರ್ಷದ ದೊಡ್ಡ ಸಮ್ಮೇಳನದಲ್ಲಿ ಆ ತಂಡದ ಹೆಂಗಸೊಬ್ಬಳು ವೇದಿಕೆ ಹತ್ತಿ, ಹತ್ತೇ ನಿಮಿಷದಲ್ಲಿ ದೂರ ಮೂರು ಕೋಟಿ ಎಂದು ತೋರಿಸಿ ಕೂತಳು. ಸೂಜಿ, ದೊಡ್ಡವರು ಇಬ್ಬರೂ ಅಲ್ಲಿಗೆ ಹೋಗಿದ್ದರು, ಸಂಸ್ಥೆಯ ಉಳಿದವರೆಲ್ಲ ಸಭಾಂಗಣದ ಗೋಡೆಯ ಮೇಲೆ ಅದರ ನೇರ ಪ್ರಸಾರ ನೋಡುತ್ತಿದ್ದರು. ಟಪಾಲಕ್ಕನೂ ಹಿಂದೆ ನಿಂತಿದ್ದಳು.

ಪರದೆಯ ಮೇಲೆ ಸೂಜಿ ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದಳು. ಅಧ್ಯಕ್ಷತೆ ವಹಿಸಿದ್ದ ದೊಡ್ಡವರು ಮೈಕು ಎಳೆದುಕೊಂಡರು.

"ತಪ್ಪು ಮಾಡೋದಕ್ಕೂ ಧೈರ್ಯ ಬೇಕು, ನಮ್ಮ ಮಗು ಧೈರ್ಯವಂತೆ," ಅಂದರು. ಜನ ಚಪ್ಪಾಳೆ ತಟ್ಟಿದರು. "ಆದರೆ ದೂರ ಅಳೆಯದೆ ತೂಕ ಹೇಳಬೇಡಿ ಅಂತ ನಾನು ಮೊದಲ ವರ್ಷದ ಪಾಠದಲ್ಲೇ ಹೇಳ್ತೀನಿ. ಆ ದಿನ ಈ ಮಗು ರಜೆ ಹಾಕಿತ್ತೋ ಏನೋ."

ನಗು ಅಲೆ ಅಲೆಯಾಗಿ ಎದ್ದಿತು. ಈ ಕಡೆ ಸಭಾಂಗಣದಲ್ಲೂ ನಕ್ಕರು. ಅಂದು ಅಂಟಿನ ಮಾತಿಗೆ ನಕ್ಕವರೇ, ಅದೇ ಕುರ್ಚಿಗಳಲ್ಲಿ ಕೂತು. ಟಪಾಲಕ್ಕನಿಗೆ ಎದೆಯಲ್ಲಿ ಏನೋ ತಣ್ಣಗಾಯಿತು. ಅದು ಸಂಕಟವಾಗಿರಬೇಕು ಎಂದು ಅವಳು ತನಗೇ ಹೇಳಿಕೊಂಡಳು. ಆದರೆ ಸಂಕಟ ಹಾಗೆ ಹಾಯಾಗಿ ಇರುವುದಿಲ್ಲ.

ಮನೆಯಲ್ಲಿ ಗಂಡನಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದಳು, ತಾನು ಹೇಳಿದ ಸುಳ್ಳನ್ನೂ ಸೇರಿಸಿ. "ಹೇಳಬೇಕಿತ್ತು ಅಲ್ವೇನ್ರೀ?" ಎಂದು ಕೇಳಿದಳು.

ಗಂಡ ಬಹಳ ಹೊತ್ತು ಕನ್ನಡಕ ಒರೆಸಿದ. "ನೀನು ಅಳ್ತಾ ಇದ್ದಿದ್ರೆ ಸಮಾಧಾನ ಹೇಳ್ತಿದ್ದೆ," ಅಂದ.

ಚಿತ್ರದ ಹಣೆಯಲ್ಲಿ ಅದನ್ನು ತೆಗೆಸಿದವರ ಹೆಸರು, ದಿನ ಎರಡೂ ಬರೆದಿರುತ್ತದೆ. ಸಮ್ಮೇಳನದಿಂದ ಬಂದ ಮರುದಿನವೇ ಸೂಜಿ ಅದನ್ನು ಓದಿದಳು. ಬಾಗಿಲು ತಟ್ಟದೆ ದೊಡ್ಡವರ ಕೋಣೆಗೆ ನುಗ್ಗಿದಳು. ಟಪಾಲಕ್ಕ ಅಲ್ಲಿ ಪತ್ರ ಬರೆದುಕೊಳ್ಳುತ್ತಾ ಕೂತಿದ್ದಳು, ಏಳಲು ಹೋದಳು.

"ಕೂತಿರಿ ಅಮ್ಮಾ," ಅಂದರು ದೊಡ್ಡವರು. "ನಿಮಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ?" ಹಾಗೆನ್ನುವಾಗ ಅವರ ತುಟಿಯ ಕೊನೆ ಸ್ವಲ್ಪ ಮೇಲೆದ್ದಿತು.

ಸೂಜಿ ಕಾಗದವನ್ನು ಮೇಜಿನ ಮೇಲಿಟ್ಟಳು. "ನಾನು ಪ್ರಬಂಧ ಕಳಿಸೋದಕ್ಕೆ ಎರಡು ತಿಂಗಳು ಮೊದಲೇ ನಿಮಗೆ ಗೊತ್ತಿತ್ತು. ಯಾಕೆ ಸರ್?"

"ನಾನು ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ. ನಿಲ್ಲಿಸಿದ್ರೆ ಯಾರಿಗೂ ಏನೂ ಗೊತ್ತಾಗ್ತಿರಲಿಲ್ಲ. ಈಗ ನೋಡು, ಹಾಲೋ ಇಲ್ಲದೆ ಗ್ಯಾಲಕ್ಸಿ ಇಲ್ಲ ಅಂತ ಇಡೀ ಲೋಕವೇ ಪರೀಕ್ಷೆ ಮಾಡಿ ಒಪ್ಕೊಂಡಿದೆ. ನಾನು ಇನ್ನೂ ನಲವತ್ತು ವರ್ಷ ಬರೆದಿದ್ರೂ ಇಷ್ಟು ಆಗ್ತಿರಲಿಲ್ಲ."

"ಅಕಸ್ಮಾತ್ ನನ್ನದೇ ಸರಿ ಆಗಿದ್ರೆ?"

"ಆಗ ನಿನ್ನ ಗುರು ಯಾರು? ನಾನೇ ತಾನೆ." ಅವರು ಕಾಗದವನ್ನು ಮೆಲ್ಲಗೆ ಅವಳ ಕಡೆಗೆ ತಳ್ಳಿದರು. "ಯಾರಿಗೆ ಬೇಕಾದ್ರೂ ತೋರಿಸು. 'ನೀನ್ಯಾಕೆ ಅಳೆಯಲಿಲ್ಲ' ಅಂತ ನಿನ್ನನ್ನೇ ಕೇಳ್ತಾರೆ."

ಅವಳು ತೋರಿಸಿದಳು. ಅವರು ಹೇಳಿದಂತೆಯೇ ಆಯಿತು. ಗುರುವಿನ ಮೇಲೆ ಗೂಬೆ ಕೂರಿಸಲು ಹೊರಟಿದ್ದಾಳೆ ಎಂದರು. ಬೇರೆ ಎರಡು ಸಂಸ್ಥೆಗಳು ಕರೆದಿದ್ದವು; ಎರಡೂ ಮೌನವಾದವು. ಮೇಲಿನ ಮಹಡಿಯಲ್ಲಿ ಯಾರಾದರೂ ಅವಸರದ ಲೆಕ್ಕ ಹಾಕಿದರೆ "ಸೂಜಿ ಮಾಡಬೇಡ" ಅನ್ನುವುದು ರೂಢಿಯಾಯಿತು. ಅವಳು ಇನ್ನೂ ಅದೇ ಸಾಲಿನಲ್ಲಿ ಕೂತಿದ್ದಾಗಲೇ ಅನ್ನುತ್ತಿದ್ದರು.

ಅವಧಿ ಮುಗಿದು ಹೊರಡುವ ದಿನ ಅವಳು ಮೆಟ್ಟಿಲ ಕೆಳಗೆ ಬಂದಳು. ಇನ್ನೂ ತೆಳ್ಳಗಾಗಿದ್ದಳು. ಅಂದು ಡಬ್ಬಿ ಇರಲಿಲ್ಲ.

"ಒಂದು ಮಾತು ಕೇಳ್ತೀನಿ ಅಕ್ಕಾ. ಆ ಅರ್ಜಿ ತುಂಬಿದ್ದು ನೀವೇ ಅಲ್ವಾ? ಆವತ್ತು ನಾನು ಕೇಳಿದಾಗ ಯಾರೂ ತೆಗೆಸಿಲ್ಲ ಅಂದ್ರಿ."

ಇಷ್ಟು ದಿನ ಈ ಪ್ರಶ್ನೆಗೆ ಟಪಾಲಕ್ಕ ಹತ್ತು ಉತ್ತರ ಕಟ್ಟಿಕೊಂಡಿದ್ದಳು. ಬಾಯಿಂದ ಬಂದದ್ದು ಹನ್ನೊಂದನೆಯದು.

"ನಂಗೇನು ತಿಳಿಯುತ್ತೆ ಮಗಳೇ? ಅವರು ಬರೆದು ಕೊಟ್ಟಿದ್ದನ್ನ ಕುಟ್ಟೋಳು ನಾನು. ಅದರಲ್ಲಿ ಇರೋದೆಲ್ಲ ಬರೀ ಸಂಖ್ಯೆ. ಯಾವ ಸಂಖ್ಯೆ ನಿಂದು, ಯಾವುದು ಇನ್ನೊಬ್ಬರದು, ನಂಗೆ ಹೇಗೆ ಗೊತ್ತಾಗಬೇಕು?"

ಸೂಜಿಯ ಮುಖ ಸಡಿಲವಾಯಿತು. ಅನುಮಾನ ಪಟ್ಟದ್ದಕ್ಕೆ ಅವಳಿಗೆ ನಾಚಿಕೆಯಾದಂತಿತ್ತು. "ಹೌದಲ್ವಾ," ಅಂದಳು. "ನಿಮ್ಮನ್ನ ಕೇಳಿದ್ದೇ ತಪ್ಪು. ನಿಮಗೆ ಹೇಗೆ ಗೊತ್ತಾಗಬೇಕು, ಪಾಪ. ಈ ಕಟ್ಟಡದಲ್ಲಿ ನಂಗೆ ಕೇಡು ಬಯಸದೇ ಇದ್ದೋರು ನೀವೊಬ್ಬರೇ." ಅವಳು ಬಗ್ಗಿ ಟಪಾಲಕ್ಕನ ಎರಡೂ ಕೈ ಹಿಡಿದುಕೊಂಡಳು.

ಪಾಪ! ಆ ಒಂದು ಪದಕ್ಕೆ ಟಪಾಲಕ್ಕನ ಮೈ ಉರಿಯಿತು. ಎಷ್ಟು ಸುಲಭವಾಗಿ ನಂಬಿದಳು! ಒಂದು ವರ್ಷ ಪಾಠ ಹೇಳಿಯೂ, 'ಹಾಲೋದ್ದು' ಎಂಬ ಉತ್ತರ ಕೇಳಿಯೂ, ಅವಳಿಗೆ ಇದು ಕುಟ್ಟುವ ಕೈ ಅಷ್ಟೆ. ಹೇಳಿಬಿಡಬೇಕೆಂದು ಈಗ ನಿಜಕ್ಕೂ ಅನಿಸಿತು, ಕ್ಷಮೆ ಕೇಳಲಿಕ್ಕಲ್ಲ, ನನಗೆ ಎಲ್ಲವೂ ಅರ್ಥವಾಗಿತ್ತು ಎಂದು ತಿಳಿಸಲಿಕ್ಕೆ. ಅಷ್ಟರಲ್ಲಿ ಸೂಜಿ ತಲೆ ತಗ್ಗಿಸಿ ಹೊರಗೆ ಹೋಗಿಯಾಗಿತ್ತು. ಚಿಕ್ಕ ಊರೊಂದರ ಶಾಲೆಯಲ್ಲಿ ಗಣಿತ ಕಲಿಸಲು ಸೇರಿದಳಂತೆ ಎಂಬ ಸುದ್ದಿ ಆಮೇಲೆ ಬಂತು.

ಆ ವರ್ಷ ದೊಡ್ಡವರಿಗೆ ಅವರ ಕ್ಷೇತ್ರದ ಅತಿ ದೊಡ್ಡ ಪ್ರಶಸ್ತಿ ಬಂತು. ಸ್ವೀಕಾರ ಭಾಷಣವನ್ನು ಅವರು ಹೇಳುತ್ತಾ ಹೋದರು, ಟಪಾಲಕ್ಕ ಟೈಪ್ ಮಾಡುತ್ತಾ ಹೋದಳು. ಹಾಲೋಗಳು ಹುಟ್ಟಿದ್ದು, ಒಂದನ್ನೊಂದು ನುಂಗಿ ಬೆಳೆದದ್ದು, ಗ್ಯಾಲಕ್ಸಿಗಳ ಹಣೆಬರಹ ಬರೆದದ್ದು. ನಡುವೆ ಬರಿಮೈಯ ಕಥೆ. ಅಲ್ಲಿ ಅವರು ಸ್ವಲ್ಪ ನಿಂತು, ಅವಳನ್ನು ನೋಡಿ, ಕೆಲವು ಸಾಲು ಸೇರಿಸಿದರು: ಎಲ್ಲ ಪಂಡಿತರಿಗಿಂತ ಮೊದಲು, 'ಅದು ಎಷ್ಟು ದೂರ ಇದೆ ಅಂತ ಖಾತ್ರಿ ಹೇಗೆ' ಎಂದು ಕೇಳಿದವರು ನಮ್ಮ ಕಚೇರಿಯ ಒಬ್ಬ ಗುಮಾಸ್ತೆ. ಇದರ ಮಹತ್ವ ಆಕೆಗೆ ಪೂರ್ತಿ ತಿಳಿದಿತ್ತು. ನನ್ನ ಕಣ್ಣು ತೆರೆಸಿದ್ದೂ, ಕೊನೆಯವರೆಗೆ ಗುಟ್ಟು ಕಾಪಾಡಿದ್ದೂ ಆಕೆಯೇ.

"ಇರ್ಲಾ, ತೆಗೀಲಾ?" ಎಂದು ದೊಡ್ಡವರು ಕೇಳಿದರು. "ಭಾಷಣ ಅಚ್ಚಾಗುತ್ತೆ. ಎಲ್ಲರೂ ಓದ್ತಾರೆ."

ಎಲ್ಲರೂ ಎಂದರೆ ಯಾರು ಯಾರು ಎಂದು ಅವಳಿಗೆ ಗೊತ್ತಿತ್ತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು: ಪೂರ್ತಿ ತಿಳಿದಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವಳ ಬಗ್ಗೆ ಯಾರೂ ಬರೆದಿರದ ಮಾತು. ಬೆರಳು ಎತ್ತಿದಳು.

"ಇರಲಿ ಸರ್. ಗುಮಾಸ್ತೆ ಬದಲು ಸಹಾಯಕಿ ಅಂತ ಹಾಕ್ಲಾ?"

"ಹಾಕಿಕೊಳ್ಳಿ," ಎಂದು ದೊಡ್ಡವರು ಜೋರಾಗಿ ನಕ್ಕರು.

ಭಾಷಣ ಅಚ್ಚಾದ ತಿಂಗಳಿಗೆ ಒಂದು ಕಾಗದ ಬಂತು, ಕೈಯಿಂದ ವಿಳಾಸ ಬರೆದ ಲಕೋಟೆ. ಒಳಗೆ ಒಂದೇ ಸಾಲು. 'ಅಕ್ಕ, ಓದಿದೆ. ನಾನು ಚೆನ್ನಾಗಿ ಕಲಿಸಿದ್ದೆ ಅನ್ನಿಸಿತು.'

ಟಪಾಲಕ್ಕ ಉತ್ತರ ಬರೆಯಲು ಮೂರು ಸಲ ಕೂತಳು. ಮೂರು ಸಲವೂ 'ನೀನು ಆವತ್ತು ಎಲ್ಲರ ಮುಂದೆ' ಎಂದೇ ಶುರುವಾಯಿತು. ಮೂರನ್ನೂ ಹರಿದಳು.

ಮಧ್ಯಾಹ್ನ ಒಂದು ಗಂಟೆಗೆ ಈಗ ಅವಳು ಒಬ್ಬಳೇ ಊಟ ಮಾಡುತ್ತಾಳೆ. ಟೈಪ್ ಮಾಡುವುದೆಲ್ಲ ಅರ್ಥವಾಗುವುದರಿಂದ ಕೆಲಸ ಮೊದಲಿನಂತೆ ಬೇಗ ಸಾಗುವುದಿಲ್ಲ. ಮೊನ್ನೆ ಒಂದು ಪ್ರಬಂಧದಲ್ಲಿ, ದೊಡ್ಡ ಹಾಲೋದ ಒಳಗೆ ಬಿದ್ದ ಚಿಕ್ಕ ಹಾಲೋಗಳೆಲ್ಲ ಕರಗಿಹೋಗುವುದಿಲ್ಲ, ಕೆಲವು ಹಾಗೇ ಉಳಿದು ಸುತ್ತುತ್ತಿರುತ್ತವೆ ಎಂದು ಬಂತು. ಅವು ಹೇಗೆ ಉಳಿಯುತ್ತವೆ ಎಂದು ಅವಳಿಗೆ ಎರಡು ದಿನ ತಲೆಯಲ್ಲಿ ಹುಳ ಕೊರೆಯಿತು. ಯಾರನ್ನು ಕೇಳುವುದು? ಕೊನೆಗೆ ಸಹಿ ಹಾಕಿಸಲು ಹೋದಾಗ ದೊಡ್ಡವರನ್ನೇ ಕೇಳಿದಳು.

ಅವರು ತಲೆ ಎತ್ತಲಿಲ್ಲ. "ಅದೆಲ್ಲ ನಿಮಗ್ಯಾಕಮ್ಮಾ? ಟಪಾಲು ಬಂತಾ?"

"ಬಂದಿದೆ ಸರ್," ಅಂದಳು.